ಹನ್ನೆರಡು ಅಡಿ ಅಗೆಯಿರಿ

ಪ್ರಿಯ ಶ್ರೋತೃಗಳೇ, ಬೆಂಗಳೂರಿನಲ್ಲಿ ಕುಳಿತವನಿಗೆ ಮರುಭೂಮಿಯ ಮನೆಗಳನ್ನು ನೆಲದಡಿಯ ಕೊಳವೆಯಿಂದ ತಂಪು ಮಾಡುವ ಉಸಾಬರಿ ಏಕೆ ಎನ್ನುತ್ತೀರಾ? ರಾಜಸ್ಥಾನದಲ್ಲಿ ನಾನು ಮಾಡಿಸುವ ಕಟ್ಟಡಗಳ ನಕ್ಷೆ ತಯಾರಾಗುವುದು ಇಲ್ಲೇ, ಜಯನಗರದ ಒಂದು ಪುಟ್ಟ ಕಚೇರಿಯಲ್ಲಿ.

ಥಾರ್ ಮರುಭೂಮಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲು 45 ಡಿಗ್ರಿ ದಾಟುತ್ತದೆ. ಜನವರಿಯ ರಾತ್ರಿ ಹತ್ತಕ್ಕಿಂತ ಕೆಳಗಿಳಿಯುತ್ತದೆ. ನೆಲದಡಿ ಹನ್ನೆರಡು ಹದಿಮೂರು ಅಡಿ ಹೋದರೆ ಮಾತ್ರ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆ. ಜೋಧಪುರದ ಕಡೆ 27 ಡಿಗ್ರಿಯ ಆಸುಪಾಸು. ಆ ಆಳದಲ್ಲಿ ಉದ್ದನೆಯ ಕೊಳವೆ ಹೂತು, ಫ್ಯಾನ್ ಹಾಕಿ ಹೊರಗಿನ ಗಾಳಿಯನ್ನು ಎಳೆಯಿರಿ. ಬೇಸಿಗೆಯ ಗಾಳಿ ತನ್ನ ಬಿಸಿಯನ್ನು ಮಣ್ಣಿಗೆ ಬಿಟ್ಟು ತಣ್ಣಗಾಗಿ ಕೋಣೆಗೆ ಬರುತ್ತದೆ. ಚಳಿಗಾಲದ್ದು ಅದೇ ಮಣ್ಣಿನಿಂದ ಬೆಚ್ಚಗಾಗಿ ಬರುತ್ತದೆ. ವಿದ್ಯೆ ಇಷ್ಟೇ. ಆದರೆ ಆಳ ಬೇಕು.

ಜೋಧಪುರದ ಹೊರವಲಯದಲ್ಲಿ ಒಂದು ಅತಿಥಿಗೃಹ. ಮಾಲೀಕರು ನಮ್ಮ ಬಸವನಗುಡಿಯವರು. ನಕ್ಷೆಯಲ್ಲಿ ನಾನು ಕೊಳವೆಯ ಆಳ 4 ಮೀಟರ್, ಅಂದರೆ ಸುಮಾರು ಹದಿಮೂರು ಅಡಿ, ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಬೇಸಿಗೆ ಬಂತು, ಅವರ ಫೋನೂ ಬಂತು: "ಸ್ವಾಮಿ, ನಿಮ್ಮ ಕೊಳವೆಯಿಂದ ಬೆಂಕಿಯಂಥ ಗಾಳಿ ಬರುತ್ತಿದೆ, ಅತಿಥಿಗಳು ಕೋಣೆ ಬಿಟ್ಟು ಓಡುತ್ತಿದ್ದಾರೆ." ಹೋದೆ. ಗಾಳಿ ಬರುವ ಜಾಲರಿಗೆ ಥರ್ಮಾಮೀಟರ್ ಹಿಡಿದರೆ 38! ಗುತ್ತಿಗೆದಾರ ಮಹಾಶಯರು ಚಹಾ ಕುಡಿಯುತ್ತಾ, "ಕೊಳವೆ ನೆಲದೊಳಗೇ ಇದೆಯಲ್ಲ ಸಾಹೇಬರೇ" ಎಂದರು. ಅಲ್ಲೇ ಬಿದ್ದಿದ್ದ ಕಬ್ಬಿಣದ ಸರಳನ್ನು ಮರಳಿಗೆ ಚುಚ್ಚಿ ಒತ್ತಿದೆ. ಮೊಣಕಾಲಿನಷ್ಟು ಇಳಿಯುವಷ್ಟರಲ್ಲಿ ಠಕ್ ಎಂದಿತು. ಅಗೆತದ ಕೂಲಿ ಉಳಿಸಲು ಎರಡೇ ಅಡಿಯಲ್ಲಿ ಕೊಳವೆ ಮಲಗಿಸಿದ್ದರು! ಎರಡಡಿಯ ಮಣ್ಣು ಬೇಸಿಗೆಯಲ್ಲಿ ತಾನೂ ಕಾಯುತ್ತದೆ, ಅದು ಯಾರನ್ನು ತಂಪು ಮಾಡೀತು? ಎಲ್ಲವನ್ನೂ ಕಿತ್ತು ಮತ್ತೆ ಅಗೆಸಿದೆವು. ಖರ್ಚು ಎರಡು ಪಟ್ಟು. ಮುಂದಿನ ಮೇನಲ್ಲಿ ಹೊರಗೆ 43 ಇದ್ದಾಗ ಜಾಲರಿಯಲ್ಲಿ 30.

ನಂಬಿಕೆ ಬಾರದವರು ಗುರುಗ್ರಾಮದ ಬಳಿಯ ಗ್ವಾಲ್ ಪಹಾಡಿಯಲ್ಲಿರುವ, ಇಂಧನ ಮತ್ತು ಸಂಪನ್ಮೂಲಗಳ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ 'ರಿಟ್ರೀಟ್' ಕಟ್ಟಡವನ್ನು ನೋಡಿ ಬನ್ನಿ. 70 ಮೀಟರ್ ಉದ್ದದ ನಾಲ್ಕು ಗಾಳಿ ಸುರಂಗಗಳು. ಎಷ್ಟು ಆಳದಲ್ಲಿ? 4 ಮೀಟರ್!

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಒಣ ಮರಳಿನಲ್ಲಿ ಶಾಖ ಸುಲಭವಾಗಿ ಹರಿಯದು, ಕೊಳವೆಯ ಸುತ್ತಲಿನ ಮಣ್ಣಿಗೆ ತೇವ ಕೊಡಿ. ಕೊಳವೆಗೆ ತುಸು ಇಳಿಜಾರು ಇರಲಿ, ಮಳೆಗಾಲದಲ್ಲಿ ಒಳಗೆ ಕಟ್ಟುವ ನೀರು ಹರಿದುಹೋಗಬೇಕು. ಬಾಯಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಇಲಿಗಳು ಸಂಸಾರ ಹೂಡುತ್ತವೆ.

ಬೆಂಗಳೂರಿನ ಮನೆಗೂ ಹಾಕಿಸೋಣವೇ ಎಂದು ದಯವಿಟ್ಟು ಪತ್ರ ಬರೆಯಬೇಡಿ. ಇಲ್ಲಿ ಕಿಟಕಿ ತೆರೆದರೆ ಸಾಕು. ನಮಸ್ಕಾರ.