ಒಲೆಯೇನೂ ಅತ್ಯಾಚಾರ ಮಾಡಿಲ್ಲ

ಸ್ನೇಹಿತರೇ, ಬಿಸಿಲಿನ ಒಲೆ ಕೊಟ್ಟರೆ ಸೌದೆಗೆ ಹೋಗೋ ಹೆಂಗಸರ ಮೇಲಿನ ಅತ್ಯಾಚಾರ ನಿಲ್ಲುತ್ತೆ ಅನ್ನೋ ಮಾತಿದೆ. ಪಶ್ಚಿಮ ಸುಡಾನಿನ ದಾರ್ಫುರ್ ಕತೆ ನಿಮಗೆ ಗೊತ್ತೇ ಇದೆ. 2003ರಲ್ಲಿ ಯುದ್ಧ ಶುರುವಾದ ಮೇಲೆ ಲಕ್ಷಾಂತರ ಜನ ಗಡಿ ದಾಟಿ ಪೂರ್ವ ಚಾಡ್‌ಗೆ ಬಂದರು. ಡೇರೆ ಸಿಕ್ಕಿತು, ಕಾಳು ಸಿಕ್ಕಿತು, ಎಣ್ಣೆ ಸಿಕ್ಕಿತು. ಬೇಯಿಸೋಕೆ ಸೌದೆ? ಅದನ್ನು ನೀವೇ ನೋಡಿಕೊಳ್ಳಿ ಅನ್ನೋ ಹಾಗಾಯಿತು. ಮೊದಲೇ ಮರಳುಗಾಡಿನ ಅಂಚು. ಹತ್ತಿರದ ಮರ ಮುಗಿದಂತೆ ಹೆಂಗಸರು ದೂರ ದೂರ ಹೋಗಬೇಕಾಯಿತು. ದಾರಿಯಲ್ಲಿ ಹೊಡೆತ, ಅತ್ಯಾಚಾರ. ದಾರ್ಫುರ್ ಒಳಗಿನ ಶಿಬಿರಗಳಲ್ಲೂ ಇದೇ ಪಾಡು. ಗಂಡಸರು ಯಾಕೆ ಹೋಗಲ್ಲ ಅಂತ ಕೇಳಿದರೆ, ಅವರು ಹೋದರೆ ಕೊಂದೇ ಬಿಡುತ್ತಾರೆ ಅನ್ನೋ ಉತ್ತರ. ಯಾರನ್ನು ಕಳಿಸೋದು ಅಂತ ಒಂದು ಮನೆ ಈ ಲೆಕ್ಕದ ಮೇಲೆ ತೀರ್ಮಾನ ಮಾಡಬೇಕು!

ಪೂರ್ವ ಚಾಡ್‌ನ ಇರಿದಿಮಿ ಶಿಬಿರಕ್ಕೆ ಕುಕಿಟ್ ಅನ್ನೋ ಬಿಸಿಲಿನ ಒಲೆ ಬಂದದ್ದು ಈ ಹೊತ್ತಿನಲ್ಲಿ. ಡಚ್ಚರ ಕೋಜಾನ್, ಅಮೆರಿಕದ ಜ್ಯೂಯಿಷ್ ವರ್ಲ್ಡ್ ವಾಚ್ ಮುಂತಾದ ಸಂಸ್ಥೆಗಳು ಮುಂದೆ ನಿಂತವು. ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ರಟ್ಟಿಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆ, ಒಂದು ಕಪ್ಪು ಪಾತ್ರೆ, ಶಾಖ ತಡೆಯುವ ಪ್ಲಾಸ್ಟಿಕ್ ಚೀಲ, ಅಷ್ಟೇ. ಪಾತ್ರೆಯನ್ನು ಚೀಲದೊಳಗಿಟ್ಟು ಬಾಯಿ ಕಟ್ಟಬೇಕು. ರಟ್ಟನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಬೇಕು. ಆಮೇಲೆ ಎರಡು ಮೂರು ಗಂಟೆ ಅದರ ತಂಟೆಗೆ ಹೋಗಬಾರದು. ಕಷ್ಟ ಇರೋದೇ ಇಲ್ಲಿ! ಅಡುಗೆ ಮಾಡುವವರ ಕೈ ಸುಮ್ನೆ ಇರುತ್ತಾ? ಬೆಂತಾ ಅಂತ ಚೀಲ ಬಿಚ್ಚಿ ಇಣುಕಿದರೆ ಒಳಗಿನ ಬಿಸಿಯೆಲ್ಲ ಹೊರಗೆ. ಅದರಲ್ಲೂ ಆ ಜನರ ನಿತ್ಯದ ಊಟ ಅಸೀದಾ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಗಟ್ಟಿಯಾಗುವವರೆಗೆ ರಟ್ಟೆ ನೋಯುವಷ್ಟು ತಿರುವಬೇಕು. ಬಾಯಿ ಕಟ್ಟಿದ ಚೀಲದೊಳಗೆ ತಿರುವೋದು ಹೇಗೆ? ನಗುತ್ತಿದ್ದೀರಿ, ನಗಿ. ಒಲೆಯ ನಕ್ಷೆ ಬರೆದವರಲ್ಲಿ ಅಸೀದಾ ತಿರುವಿದವರು ಜಾಸ್ತಿ ಇದ್ದಿರಲಾರರು.

ಮೋಡ, ಧೂಳುಗಾಳಿ, ರಾತ್ರಿಯೂಟ ಅಂದರೆ ಮತ್ತೆ ಸೌದೆಯೇ ಗತಿ. ಆದರೂ ಅನ್ನ, ಬೇಳೆ, ಸಾರು ಬಿಸಿಲಲ್ಲೇ ಬೆಂದರೆ ಅಷ್ಟು ಸೌದೆ ಉಳಿಯಿತು, ಅಷ್ಟು ಸಲ ಹೊರಗೆ ಹೋಗೋದು ತಪ್ಪಿತು. ಶಿಬಿರದ ಹೆಂಗಸರೇ ಇವನ್ನು ತಯಾರಿಸಿ ಕೂಲಿಯನ್ನೂ ಪಡೆದರು. ಇದೇನು ಸಣ್ಣ ಮಾತಲ್ಲ.

ಆದರೆ ಒಲೆಯೇನೂ ಅತ್ಯಾಚಾರ ಮಾಡಿಲ್ಲ, ಅಲ್ವಾ? ಮಾಡಿದವನು ಬಂದೂಕು ಹಿಡಿದು ಅಲ್ಲೇ ಓಡಾಡುತ್ತಿದ್ದಾನೆ. ಕೀನ್ಯಾದ ದಾದಾಬ್ ಶಿಬಿರಗಳಲ್ಲಿ 1998ರಲ್ಲಿ ಸೌದೆ ಹಂಚೋಕೆ ಶುರು ಮಾಡಿದರು. ಸೌದೆಗೆ ಹೋದಾಗಿನ ಅತ್ಯಾಚಾರ ಕಡಿಮೆಯಾಯಿತು. ಬೇರೆ ಕಡೆಗಳಲ್ಲಿ ಹೆಚ್ಚಾಯಿತು! 2005ರ ಮಾರ್ಚ್‌ನಲ್ಲಿ ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು) ಸಂಸ್ಥೆಯ ವೈದ್ಯರು ದಾರ್ಫುರ್ ಬಗ್ಗೆ ಕೊಟ್ಟ ವರದಿ ನೋಡಿ. ತಮ್ಮ ಬಳಿ ಬಂದ ಸುಮಾರು 500 ಸಂತ್ರಸ್ತೆಯರಲ್ಲಿ 82 ಶೇಕಡಾ ಮಂದಿಯ ಮೇಲೆ ದಾಳಿ ನಡೆದದ್ದು ದಿನನಿತ್ಯದ ಕೆಲಸದ ನಡುವೆ. ಸೌದೆ ಅದರಲ್ಲಿ ಒಂದು. ನೀರು? ಹೊಲ? ಅದಕ್ಕೂ ಒಂದೊಂದು ರಟ್ಟಿನ ಪೆಟ್ಟಿಗೆ ಕೊಡೋಣವೇ?

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹಾಗಾಗಿ ಉಳಿದದ್ದು ಬೇಗ. ಒಂದು, ಸೌದೆ ಬರೀ ಅಡುಗೆಗಲ್ಲ, ಮಾರೋಕೂ ಬೇಕು. ಕೈಗೆ ನಾಲ್ಕು ಕಾಸು ಬರುವ ಬೇರೆ ದಾರಿ ಇಲ್ಲದಿದ್ದರೆ, ಮನೆಯಲ್ಲಿ ಎಂಥ ಒಲೆ ಇದ್ದರೂ ಅವಳು ಹೋಗಿಯೇ ಹೋಗುತ್ತಾಳೆ. ಎರಡು, ಕಾವಲು. ದಾರ್ಫುರ್‌ನಲ್ಲಿ ಆಫ್ರಿಕನ್ ಒಕ್ಕೂಟದ ಸೈನಿಕರು ಸೌದೆಗೆ ಹೋಗುವ ಹೆಂಗಸರ ಜೊತೆ ಗಸ್ತು ಹೋಗುತ್ತಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಾರಿ ಅನ್ನೋದನ್ನು ಆ ಹೆಂಗಸರ ಜೊತೆ ಕೂತು ಗೊತ್ತುಮಾಡಬೇಕು. ಮೂರನೆಯದು ಶಿಕ್ಷೆಯ ವಿಚಾರ, ಅದಕ್ಕೇ ಒಂದು ಗಂಟೆ ಬೇಕು. ಪ್ರಶ್ನೆಗಳಿದ್ದರೆ ಅಲ್ಲಿಂದಲೇ ಶುರು ಮಾಡಿ.