ಬ್ರಿಗ್ಗನ್: ಬೂದಿಯ ಮೇಲೆ ನಿಂತ ಹಡಗುಕಟ್ಟೆ

ಕೇಳುಗರಿಗೆ ನಮಸ್ಕಾರ.

ನಾರ್ವೆಯ ಬರ್ಗೆನ್ ನಗರದಲ್ಲಿ, ವೋಗೆನ್ ಎಂಬ ಕಿರಿದಾದ ಬಂದರಿನ ದಂಡೆಯ ಮೇಲೆ, ಕೆಂಪು, ಹಳದಿ, ಬಿಳಿ ಬಣ್ಣದ ಮರದ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನೀರಿಗೆ ಮುಖಮಾಡಿ ನಿಂತಿವೆ. ಈ ಕೇರಿಯ ಹೆಸರು ಬ್ರಿಗ್ಗನ್. ಅಲ್ಲಿನ ನುಡಿಯಲ್ಲಿ ಹಡಗುಕಟ್ಟೆ ಎಂದೇ ಅದರ ಅರ್ಥ. 1360ರ ಸುಮಾರಿಗೆ ಹನ್ಸಾ ಎಂಬ ವ್ಯಾಪಾರಿ ನಗರಗಳ ಒಕ್ಕೂಟದ ಜರ್ಮನ್ ವರ್ತಕರು ಇಲ್ಲಿ ವ್ಯಾಪಾರದ ಕೋಠಿ ಸ್ಥಾಪಿಸಿ, ಉತ್ತರ ನಾರ್ವೆಯಲ್ಲಿ ಉಪ್ಪು ಹಾಕದೆ ಗಾಳಿಗೊಡ್ಡಿ ಒಣಗಿಸಿದ ಕಾಡ್ ಮೀನನ್ನು ಕೊಂಡು, ಧಾನ್ಯವನ್ನು ಮಾರಿದರು. ಆ ಕೋಠಿ 1754ರವರೆಗೆ ನಡೆಯಿತು.

ಎರಡು ಸಾಲು ಮನೆಗಳ ನಡುವಿನ ಓಣಿಯನ್ನು ಹೊಕ್ಕರೆ ಕಾಲಡಿಯಲ್ಲಿ ಹಲಗೆ, ಪಕ್ಕದಲ್ಲಿ ಹಲಗೆ, ತಲೆಯ ಮೇಲೆ ಎರಡೂ ಬದಿಯಿಂದ ಚಾಚಿದ ಮರದ ಮೊಗಸಾಲೆಗಳು. ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಇಷ್ಟು ಮರದ ನಡುವೆ ಒಂದು ಕಿಡಿ ಸಾಕಿತ್ತು. ಆದ್ದರಿಂದ ವಾಸದ ಮನೆಗಳಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಉತ್ತರದ ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು, ಬಿಸಿ ಊಟ ಮಾಡಲು ಎಲ್ಲರೂ ಹಿಂಬದಿಯಲ್ಲಿ ಪ್ರತ್ಯೇಕವಾಗಿ ಕಟ್ಟಿದ ಸಭಾಮನೆಗೆ ಹೋಗಬೇಕಿತ್ತು. ಬೆಲೆಬಾಳುವ ಸರಕಿಗೆ ಕಲ್ಲಿನ ಉಗ್ರಾಣಗಳಿದ್ದವು.

ಆದರೂ ಬೆಂಕಿ ಬಿಡಲಿಲ್ಲ. 1702ರಲ್ಲಿ ಇಡೀ ಕೇರಿ ಸುಟ್ಟುಹೋಯಿತು. ಇಂದು ನಾವು ಕಾಣುವ ಮನೆಗಳು ಅದರ ನಂತರದವು. ಆದರೆ ಅವುಗಳನ್ನು ಹಳೆಯ ನಿವೇಶನಗಳ ಮೇಲೆಯೇ, ಹಳೆಯ ಮಾದರಿಯಲ್ಲಿಯೇ ಕಟ್ಟಿದರು. ಬ್ರಿಗ್ಗನ್ನಿನ ಪ್ರಾಚೀನತೆಯನ್ನು ಅದರ ತೊಲೆಗಳಿಗಿಂತ ಅದರ ಓಣಿಗಳಲ್ಲಿ ಹುಡುಕುವುದೇ ಸರಿ ಎಂದು ನನಗೆ ತೋರುತ್ತದೆ.

1955ರ ಬೆಂಕಿ ಒಂದು ಭಾಗವನ್ನು ನುಂಗಿತು, ಆದರೆ ನೆಲವನ್ನು ತೆರೆದುಕೊಟ್ಟಿತು. ಪುರಾತತ್ತ್ವಜ್ಞ ಆಸ್ಬ್ಯೋರ್ನ್ ಹೆರ್ತೈಗ್ ಅವರ ನೇತೃತ್ವದ ಉತ್ಖನನದಲ್ಲಿ, ಹಿಂದಿನ ಬೆಂಕಿಗಳ ಬೂದಿಯ ಪದರಗಳೂ, ದಂಡೆಯನ್ನು ಹಂತಹಂತವಾಗಿ ನೀರಿನೊಳಕ್ಕೆ ಮುಂದೊತ್ತಿದ ಹಳೆಯ ಕಟ್ಟೆಗಳ ಅವಶೇಷಗಳೂ ಹೊರಬಂದವು. ಉತ್ತರ ಯುರೋಪಿನ ಹಳೆಯ ಲಿಪಿಯಾದ ರೂನ್‌ನಲ್ಲಿ ಕೊರೆದ ನೂರಾರು ಬರಹಗಳೂ ದೊರೆತವು. ಅವುಗಳಲ್ಲೊಂದು ಪುಟ್ಟ ಕಡ್ಡಿಯ ಮೇಲೆ, ಗ್ಯೂದಾ ನಿನ್ನನ್ನು ಮನೆಗೆ ಬಾ ಎನ್ನುತ್ತಾಳೆ ಎಂಬರ್ಥದ ಕೊರೆತವಿದೆ. ಅರಸರ ಶಾಸನಗಳಲ್ಲಿ ಸಿಗದ ಇಂಥ ಮನೆಮಾತು ಮಣ್ಣಿನಲ್ಲಿ ಉಳಿದದ್ದು ನಮ್ಮ ಭಾಗ್ಯ.

1979ರಲ್ಲಿ ಯುನೆಸ್ಕೊ ಬ್ರಿಗ್ಗನ್ನನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿದಿರುವ 60ಕ್ಕೂ ಹೆಚ್ಚು ಕಟ್ಟಡಗಳಿಗೆ ಬೆಂಕಿಯಷ್ಟೇ ದೊಡ್ಡ ಅಪಾಯ ಒದಗಿದ್ದು ಪಾದದ ಕೆಳಗಿನಿಂದ. ನೀರಿನಲ್ಲಿ ಮುಳುಗಿ, ಗಾಳಿ ಸೋಕದೆ ಇರುವ ಮರ ಶತಮಾನಗಳವರೆಗೆ ಕೊಳೆಯದು. ಅಂತರ್ಜಲ ಇಳಿದಾಗ ಅದೇ ಮರ ಕೊಳೆತು, ನೆಲ ಕುಸಿದು, ಗೋಡೆಗಳು ವಾಲತೊಡಗಿದವು. ಈಗ ಅಲ್ಲಿನ ಸಂರಕ್ಷಕರು ಮಳೆನೀರನ್ನು ಚರಂಡಿಗೆ ಹರಿಯಗೊಡದೆ ಮಣ್ಣಿಗೆ ಇಂಗಿಸಿ, ತಳಪಾಯದ ತೊಲೆಗಳನ್ನು ಮತ್ತೆ ಒದ್ದೆಯಾಗಿ ಇರಿಸುತ್ತಿದ್ದಾರೆ.