ಕ್ಯೂಬಾ ಕಾರ್ಯಾಗಾರಕ್ಕೆ ಹೊರಟ ಶಿಕ್ಷಕರು ಕೇಳಿ ತಿಳಿಯಬೇಕಾದದ್ದು

ನಮಸ್ಕಾರ. ಕ್ಯೂಬಾದ ಇತಿಹಾಸ, ಸಂಸ್ಕೃತಿಗಳನ್ನು ತರಗತಿಯಲ್ಲಿ ಕಲಿಸುವ ಬಗೆಯನ್ನು ಕುರಿತು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಶಾಲಾ ಶಿಕ್ಷಕರಿಗಾಗಿ ಕಾರ್ಯಾಗಾರಗಳನ್ನು ಏರ್ಪಡಿಸುತ್ತವೆ. ಅಲ್ಲಿಗೆ ಹೋಗುವ ಶಿಕ್ಷಕರು ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೊ ಮತ್ತು ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನಿಟ್ಟಿದ್ದರಿಂದ ಎದ್ದ 1962ರ ಕ್ಷಿಪಣಿ ಬಿಕ್ಕಟ್ಟಿನ ವಿವರಗಳನ್ನಷ್ಟೇ ಬರೆದುಕೊಂಡು ಮರಳಬಾರದು ಎಂಬುದು ನನ್ನ ಕಳಕಳಿಯ ವಿನಂತಿ. ಕ್ಯೂಬಾದಲ್ಲಿ ಓದು ಹೇಗೆ ರಾಜಕೀಯ ಶಕ್ತಿಯಾಯಿತು ಎಂಬುದನ್ನು ಅವರು ಕೇಳಿ ತಿಳಿಯಬೇಕು.

(ದೃಶ್ಯ: ಸಿಗಾರ್ ಕಾರ್ಖಾನೆಯ ಹಳೆಯ ಛಾಯಾಚಿತ್ರ)

1865ರಲ್ಲಿ ಹವಾನಾದ ಎಲ್ ಫಿಗಾರೊ ಸಿಗಾರ್ ಕಾರ್ಖಾನೆಯಲ್ಲಿ ಹೊಸದೊಂದು ಪದ್ಧತಿ ಆರಂಭವಾಯಿತು. ಕಾರ್ಮಿಕರು ಮೇಜುಗಳ ಮುಂದೆ ಸಾಲಾಗಿ ಕುಳಿತು ಹೊಗೆಸೊಪ್ಪು ಸುತ್ತುತ್ತಿದ್ದರೆ, ಒಬ್ಬರು ಪತ್ರಿಕೆ, ಪುಸ್ತಕಗಳನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರು. ಓದುವವರ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ವಂತಿಗೆ ಎತ್ತಿ ಕೊಡುತ್ತಿದ್ದರು. ಅಕ್ಷರ ಬಾರದವನಿಗೂ ಇದರಿಂದ ಲೋಕದ ಸುದ್ದಿ ತಿಳಿಯುತ್ತಿತ್ತು. ಇದನ್ನು ಅರಿತ ಸ್ಪೇನಿನ ವಸಾಹತು ಆಡಳಿತ ಮರುವರ್ಷವೇ ಓದನ್ನು ನಿಷೇಧಿಸಿತು. ಆದರೂ ಅದು ಅಳಿಯದೆ, ವಲಸೆ ಹೋದ ಕಾರ್ಮಿಕರೊಡನೆ ಫ್ಲಾರಿಡಾಕ್ಕೂ ದಾಟಿತು. ಕ್ಯೂಬಾದ ಕವಿ, ಸ್ವಾತಂತ್ರ್ಯ ಹೋರಾಟದ ನಾಯಕ ಹೊಸೆ ಮಾರ್ತಿ 1891ರಲ್ಲಿ ಫ್ಲಾರಿಡಾದ ಟಾಂಪಾ ನಗರಕ್ಕೆ ಬಂದು ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ ಮಾತನಾಡಿದಾಗ ಅವರಿಗೆ ಬೆಂಬಲವಾಗಿ ನಿಂತು ಹಣ ಕೂಡಿಸಿದವರು ಇದೇ ಸಿಗಾರ್ ಕಾರ್ಮಿಕರು.

(ದೃಶ್ಯ: ಲಾಟೀನು ಹಿಡಿದ ವಿದ್ಯಾರ್ಥಿಗಳು, 1961)

ಕ್ಯಾಸ್ಟ್ರೊ ಸರ್ಕಾರ ನಡೆಸಿದ 1961ರ ಸಾಕ್ಷರತಾ ಆಂದೋಲನ ಇನ್ನೂ ದೊಡ್ಡ ಅಧ್ಯಾಯ. ಸುಮಾರು 1 ಲಕ್ಷ ವಿದ್ಯಾರ್ಥಿಗಳು, ಹೆಚ್ಚಿನವರು ಹದಿಹರೆಯದವರು, ಹಳ್ಳಿಗಳಿಗೆ ಹೋಗಿ ಹಗಲು ರೈತರೊಡನೆ ದುಡಿದು, ಇರುಳು ಲಾಟೀನಿನ ಬೆಳಕಿನಲ್ಲಿ ಅವರಿಗೆ ಅಕ್ಷರ ತಿದ್ದಿಸಿದರು. ಸರ್ಕಾರಿ ಲೆಕ್ಕದ ಪ್ರಕಾರ ಆ ವರ್ಷ ಓದುಬರಹ ಕಲಿತವರು 7 ಲಕ್ಷಕ್ಕೂ ಹೆಚ್ಚು. ಕೊನೆಯ ಪರೀಕ್ಷೆಯೆಂದರೆ ಫಿಡೆಲ್ ಕ್ಯಾಸ್ಟ್ರೊ ಅವರಿಗೆ ಸ್ವಂತ ಕೈಯಿಂದ ಒಂದು ಪತ್ರ ಬರೆಯುವುದು. ಆ ಪತ್ರಗಳು ಹವಾನಾದ ಸಾಕ್ಷರತಾ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಕಲಿಸಲು ಹೋದ ಕೊನ್ರಾದೊ ಬೆನಿತೆಸ್ ಮತ್ತು ಮನುವೆಲ್ ಅಸ್ಕುಂಸೆ ಎಂಬ ತರುಣರು ಸರ್ಕಾರದ ವಿರುದ್ಧ ಬಂಡೆದ್ದವರ ಕೈಯಲ್ಲಿ ಅದೇ ವರ್ಷ ಹತರಾದರು.

ಈ ಸಾಧನೆಯನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಆದರೆ ಶಿಕ್ಷಕರು ಆ ಆಂದೋಲನದ ಪಠ್ಯವನ್ನೂ ನೋಡಲೇಬೇಕು. ವಯಸ್ಕರ ಅಕ್ಷರಮಾಲೆಯ ಮೊದಲ ಪಾಠವೇ ಅಮೆರಿಕ ಖಂಡದ ರಾಷ್ಟ್ರಗಳ ಕೂಟವಾದ ಅಮೆರಿಕನ್ ರಾಷ್ಟ್ರಗಳ ಸಂಘಟನೆಯ (ಒಎಎಸ್) ಕುರಿತದ್ದು, ಮುಂದಿನದು ಸರ್ಕಾರದ ಭೂಸುಧಾರಣಾ ಸಂಸ್ಥೆಯ ಕುರಿತದ್ದು. ಅಂದರೆ ಅಕ್ಷರದ ಜೊತೆಜೊತೆಗೇ ಸರ್ಕಾರದ ನಿಲುವನ್ನೂ ಕಲಿಸಲಾಯಿತು, ಮತ್ತು ಅದೇ ವರ್ಷ ಖಾಸಗಿ ಶಾಲೆಗಳೆಲ್ಲ ರಾಷ್ಟ್ರೀಕರಣಗೊಂಡವು.

ಆದ್ದರಿಂದ ಕಾರ್ಯಾಗಾರದಲ್ಲಿ ಕ್ಯಾಸ್ಟ್ರೊ ಅವರಿಗೆ ಬರೆದ ಇಂಥದೊಂದು ಪತ್ರದ ಪ್ರತಿಯನ್ನೂ ಆ ಪಠ್ಯದ ಮೊದಲ ಪುಟವನ್ನೂ ಕೇಳಿ ಪಡೆಯಿರಿ. ಎರಡನ್ನೂ ಒಟ್ಟಿಗೆ ಮಕ್ಕಳ ಮುಂದಿಟ್ಟು, ಇವನ್ನು ಬರೆದವರು ಯಾರು, ಯಾರಿಗಾಗಿ ಬರೆದರು ಎಂಬ ಪ್ರಶ್ನೆಗಳಿಂದ ಪಾಠವನ್ನು ಆರಂಭಿಸಿ.